ಹೊಡೆದಾಡಿದವರ ನಡುವಿನ ಕುರ್ಚಿ

ವರ್ನಾ ತೇತಾ ಆ ಕುರ್ಚಿಯಲ್ಲಿ ಮೊದಲ ಸಲ ಕೂತದ್ದು ಅವರ ಗಂಡ ವಾಲ್ಟರ್ ಅಂಗಳದ ಹಿಮದಲ್ಲಿ ಜಾರಿ ಬಿದ್ದು ಸೊಂಟ ಮುರಿದುಕೊಂಡ ವಾರ. ಒಂದು ಭಾನುವಾರದ ಮಟ್ಟಿಗೆ ಎಂದುಕೊಂಡು ಬಂದವರು ಮೂವತ್ತೊಂದು ಚಳಿಗಾಲ ಅಲ್ಲಿಂದ ಏಳಲಿಲ್ಲ. ಅವರ ಪೂರ್ತಿ ಹೆಸರು ವರ್ನಾ ಕುಜಿಕ್. ಅಜ್ಜಂದಿರ ಕಾಲಕ್ಕೆ ಹಡಗು ಹತ್ತಿ ಈ ದೇಶಕ್ಕೆ ವಲಸೆ ಬಂದ ನಮ್ಮ ಉಕ್ರೇನಿಯನ್ ಮನೆಗಳಲ್ಲಿ ಅತ್ತೆ, ಚಿಕ್ಕಮ್ಮ, ಪಕ್ಕದ ಮನೆಯಾಕೆ ಎಲ್ಲರೂ ತೇತಾ. ಅವರಂತೂ ಇಡೀ ವೋಲ್ಯಾ ಊರಿಗೇ ತೇತಾ ಆಗಿದ್ದರು.

ಕುರ್ಚಿ ಇದ್ದದ್ದು ನಮ್ಮ ಐಸ್ ಹಾಕಿ ರಿಂಕಿನ, ಅಂದರೆ ಮಂಜುಗಡ್ಡೆಯ ಆಟದಂಗಳದ, ಪೆನಾಲ್ಟಿ ಬಾಕ್ಸಿನಲ್ಲಿ. ಆಟದಲ್ಲಿ ತಪ್ಪು ಮಾಡಿದವನನ್ನು ರೆಫರಿ ಎರಡು ನಿಮಿಷ ಅಲ್ಲಿಗೆ ಅಟ್ಟುತ್ತಾನೆ. ಗ್ಲೌಸ್ ಕಿತ್ತೆಸೆದು ಮುಷ್ಟಿ ಬೀಸಿದವನನ್ನು ಐದು ನಿಮಿಷ. ಬೇರೆ ಊರುಗಳಲ್ಲಿ ಎರಡು ತಂಡಕ್ಕೆ ಎರಡು ಬಾಕ್ಸು. ನಮ್ಮ ರಿಂಕನ್ನು ಐವತ್ತರ ದಶಕದಲ್ಲಿ ಊರವರೇ ಹಳೆಯ ಹಲಗೆ, ತಗಡು ಒಟ್ಟು ಮಾಡಿ ಕಟ್ಟಿದ್ದು. ಹಲಗೆ ಸಾಲದೆ ಒಂದೇ ಬಾಕ್ಸು, ಒಂದೇ ಬೆಂಚು. ಈಗಷ್ಟೇ ಒಬ್ಬನ ಮೂಗನ್ನು ಇನ್ನೊಬ್ಬ ಜಜ್ಜಿ ಬಂದಿರುವ ಇಬ್ಬರು ಗಂಡಸರು ಆ ಬೆಂಚಿನ ಎರಡು ತುದಿಗಳಲ್ಲಿ ಕೂರಬೇಕು. ನಡುವೆ, ಬಾಗಿಲು ತೆಗೆದು ಹಾಕುವವರ ಕುರ್ಚಿ.

ವಾಲ್ಟರ್ ಆ ಕೆಲಸ ಮಾಡುವಾಗ ಎಷ್ಟೋ ಸಲ ಎರಡನೇ ಸುತ್ತು ಬಾಕ್ಸಿನೊಳಗೇ ನಡೆಯುತ್ತಿತ್ತು. ಅವರು ಸಾಧು ಮನುಷ್ಯ. ಬಿಡಿಸಲು ಹೋಗಿ ಎರಡೂ ಕಡೆಯ ಏಟು ತಿನ್ನುವರು. ವರ್ನಾ ತೇತಾ ಬಂದ ಮೊದಲ ಭಾನುವಾರ ಹೊತ್ತು ಹೋಗಲೆಂದು ಉಣ್ಣೆ ನೂಲಿನ ಲಡಿಗಳನ್ನು ಚೀಲದಲ್ಲಿ ತುಂಬಿಕೊಂಡು ಬಂದಿದ್ದರಂತೆ. ಅಂಚೆ ಕಚೇರಿಯಲ್ಲಿ ವಾರವೆಲ್ಲ ಕಾಗದ ವಿಂಗಡಿಸುವ ಕೈಗೆ ಭಾನುವಾರ ಸುಮ್ಮನಿದ್ದು ಗೊತ್ತಿರಲಿಲ್ಲ. ಹತ್ತು ನಿಮಿಷವಾಗುವುದರೊಳಗೆ ನಮ್ಮೂರಿನ ಸ್ಟಾನ್ ಎಂಬುವನೂ ಎದುರು ತಂಡದ ಒಬ್ಬನೂ ಬೈದಾಡುತ್ತ ಒಳಗೆ ಬಂದು ಬಿದ್ದರು. ಸ್ಟಾನ್ ಮತ್ತೆ ಎದ್ದು ನಿಂತ.

"ಸ್ಟಾನ್, ನಿನ್ನ ಕೈ ಖಾಲಿ ಇದೆಯಾ?" ಎಂದರು ತೇತಾ.

"ಯಾಕೆ?"

"ಎರಡೂ ಕೈ ಚಾಚು. ಸ್ವಲ್ಪ ಅಗಲ. ಹಾಂ, ಅಷ್ಟು."

ಅವನು ಚಾಚಿದ. ತೇತಾ ಅವನ ಎರಡೂ ಅಂಗೈಗೆ ನೂಲಿನ ಲಡಿ ಸಿಕ್ಕಿಸಿ ಉಂಡೆ ಸುತ್ತತೊಡಗಿದರು. ಕೈ ಅಲ್ಲಾಡಿಸಿದರೆ ನೂಲು ಸಿಕ್ಕಾಗುತ್ತದೆ. ಹೆಂಗಸೊಬ್ಬಳ ಉಣ್ಣೆ ಸಿಕ್ಕು ಮಾಡುವ ಧೈರ್ಯ ಸ್ಟಾನ್‌ಗೆ ಇರಲಿಲ್ಲ. ಎದುರಿನವನು ಕಿಸಕ್ಕನೆ ನಕ್ಕ. "ನಗಬೇಡಪ್ಪ, ಇದು ಮುಗಿದ ಮೇಲೆ ನಿಂದೇ ಸರದಿ," ಎಂದರು ತೇತಾ. ಅವತ್ತಿನಿಂದ ಬಾಕ್ಸಿನೊಳಗೆ ಹೊಡೆದಾಟ ನಡೆದದ್ದಿಲ್ಲ. ಬೆರಳಗಂಟು ಒಡೆದು ಬಂದವರಿಗೆ ಕಲೆ ಕಾಣದಿರಲೆಂದು ಕೆಂಪು ಉಣ್ಣೆಯನ್ನೇ ಕೊಡುತ್ತಿದ್ದರು. ನಮ್ಮೂರಿನಲ್ಲಿ ಆ ಕಾಲದ ಮಕ್ಕಳ ಟೋಪಿಗಳಲ್ಲಿ ಕೆಂಪೇ ಹೆಚ್ಚು.

ನಾನು ಲೈಲ್ ಫೆಡೊರುಕ್. ಟ್ರ್ಯಾಕ್ಟರ್, ಕೊಯ್ಲಿನ ಯಂತ್ರಗಳಿಗೆ ಬೆಸುಗೆ ಹಾಕುವುದು ನನ್ನ ಕಸುಬು. ಹತ್ತೊಂಬತ್ತನೇ ವಯಸ್ಸಿಗೆ ತಂಡ ಸೇರಿದೆ. ನನಗಿಂತ ಚೆನ್ನಾಗಿ ಆಡುವವರು ಬೇಕಾದಷ್ಟು ಜನ ಇದ್ದರು. ನನಗಿಂತ ಹೆಚ್ಚು ಹೊತ್ತು ತೇತಾನ ಉಣ್ಣೆ ಹಿಡಿದವರು ಮಾತ್ರ ಯಾರೂ ಇರಲಿಲ್ಲ. ಅದಕ್ಕೇ ಅವರ ಕತೆ ಹೇಳುವ ಹಕ್ಕು ನನಗಿದೆ ಎಂದುಕೊಂಡಿದ್ದೇನೆ.

ನನಗೆ ಸರಿಜೋಡಿ ಎಂದರೆ ನಲವತ್ತು ಮೈಲಿ ದೂರದ ಸ್ಟೈನ್‌ಡಾರ್ಫ್ ಊರಿನ ರೂಬೆನ್ ಫ್ರೀಸನ್. ಅವರದು ಮೆನ್ನೊನೈಟ್ ಊರು, ಕೈ ಎತ್ತುವುದೇ ಪಾಪ ಎನ್ನುವ ಕ್ರೈಸ್ತ ಪಂಥ. ರೂಬೆನ್‌ನ ಮುತ್ತಜ್ಜಂದಿರು ಬಂದೂಕು ಮುಟ್ಟುವುದಿಲ್ಲ ಎಂದು ಹಟ ಹಿಡಿದು ದೇಶವನ್ನೇ ಬಿಟ್ಟು ಹಡಗು ಹತ್ತಿದವರು. ಅವರ ಮರಿಮೊಮ್ಮಗನ ಬಲಗೈ ಬಿದ್ದರೆ ಕಿವಿಯಲ್ಲಿ ಮೂರು ದಿನ ಚರ್ಚಿನ ಗಂಟೆ ಕೇಳಿಸುತ್ತಿತ್ತು. ಎಂಟು ವರ್ಷ, ವರ್ಷಕ್ಕೆ ನಾಲ್ಕೈದು ಪಂದ್ಯ. ನಾವಿಬ್ಬರೂ ಒಬ್ಬರಿಗೊಬ್ಬರು ಹೊಡೆಯದ ಪಂದ್ಯವೇ ಇರಲಿಲ್ಲ. ಯಾಕೆ ಎಂದು ಕೇಳಿದರೆ ಇಬ್ಬರಿಗೂ ಹೇಳಲು ಬರುತ್ತಿರಲಿಲ್ಲ.

ತೇತಾ ಕೇಳುತ್ತಿದ್ದರು. ಉಣ್ಣೆ ಸುತ್ತುತ್ತ, ತಲೆ ಎತ್ತದೆ, ತರಕಾರಿ ಬೆಲೆ ಕೇಳಿದ ಹಾಗೆ.

"ಇವತ್ತು ಯಾಕೆ?"

"ಅವನು ನನ್ನ ಕಾಲಿಗೆ ಕೋಲು ಹಾಕಿದ."

"ರೂಬೆನ್, ಹಾಕಿದೆಯೇನಪ್ಪ?"

"ಅವನು ನನಗೆ ಏನೋ ಅಂದ, ಮೇಡಂ." ರೂಬೆನ್ ಮೊದಮೊದಲು ಅವರನ್ನು ಮೇಡಂ ಎನ್ನುತ್ತಿದ್ದ.

"ಏನಂದ?"

ರೂಬೆನ್ ಯೋಚಿಸಿದ. "ಮರೆತುಹೋಯ್ತು."

"ಮರೆತುಹೋಗೋ ಮಾತಿಗೆ ಮೂಗು ಒಡೆಸಿಕೊಂಡೆಯಾ? ಕೈ ಇಳಿಸಬೇಡ, ನೂಲು ಜಗ್ಗುತ್ತೆ."

ಈ ಪ್ರಶ್ನೆ ತೇತಾಗೆ ಚಿಕ್ಕಂದಿನದು. ಐವರು ಅಣ್ಣತಮ್ಮಂದಿರ ನಡುವೆ ಒಬ್ಬಳೇ ಹುಡುಗಿ. ಹೊಲದ ಮನೆಯ ಹಿತ್ತಲಲ್ಲಿ ದಿನಾ ಯಾರಾದರೂ ಇಬ್ಬರು ಮಣ್ಣಲ್ಲಿ ಹೊರಳಾಡುತ್ತಿರುವವರೇ. ಒಂಬತ್ತನೇ ವಯಸ್ಸಿನಲ್ಲಿ ಅವರೂ ಒಮ್ಮೆ ಅಣ್ಣ ಇವಾನ್‌ಗೆ ಬಿಗಿದಿದ್ದರು. ಅವನು ಅವರ ಬೆಕ್ಕಿನ ಬಾಲಕ್ಕೆ ಡಬ್ಬ ಕಟ್ಟಿದ್ದನಂತೆ. ಒಂದೇ ಏಟಿಗೆ ಇವಾನ್ ಕೆಳಗೆ ಬಿದ್ದ. "ನನಗೆ ಅವತ್ತು ಎಷ್ಟು ಖುಷಿಯಾಯ್ತು ಗೊತ್ತಾ ಲೈಲ್," ಎಂದು ನನ್ನ ಬಳಿ ಹೇಳಿದ್ದರು. "ಮೈಯೆಲ್ಲಾ ಜುಮ್ ಅಂತು. ಹೆಂಗಸರಿಗೆ ಕೈ ತುರಿಸಲ್ಲ ಅಂತ ಯಾರಾದ್ರೂ ಹೇಳಿದ್ರೆ ನಂಬಬೇಡ. ಆದ್ರೆ ಏನಾಯ್ತು? ಇವಾನ್ ಹೊಡೆದಾಗೆಲ್ಲ ನಮ್ಮ ಮಾವಂದಿರು ಬೇಲಿ ಮೇಲೆ ಕೂತು ಶಿಳ್ಳೆ ಹಾಕೋರು. ನಾನು ಹೊಡೆದ ದಿನ ಅಜ್ಜಿ ಶಿಲುಬೆ ಗುರುತು ಮಾಡಿಕೊಂಡು, ಈ ಮಗುಗೆ ಏನೋ ಮೆಟ್ಟಿಕೊಂಡಿದೆ ಅಂತ ಪಾದ್ರಿ ಹತ್ತಿರ ಎಳಕೊಂಡು ಹೋದಳು. ಪಾದ್ರಿ ನನ್ನ ತಲೆ ಮೇಲೆ ನೀರು ಚಿಮುಕಿಸಿದ. ಆಮೇಲೆ ನಾನು ಹೊಡೀಲಿಲ್ಲ. ನೀರು ತಣ್ಣಗಿತ್ತು."

ಗಂಡಸರೇ ಯಾಕೆ ಹೆಚ್ಚು ಹೊಡೆಯುತ್ತಾರೆ ಎಂಬುದಕ್ಕೆ ಊರಿನಲ್ಲಿ ತಲೆಗೊಂದು ಉತ್ತರವಿತ್ತು. ನಮ್ಮ ಕೋಚ್ ತೋಳಿನ ಗಾತ್ರ ಎನ್ನುತ್ತಿದ್ದರು. ನಮಗೆ ಹೊಲಿಗೆ ಹಾಕುತ್ತಿದ್ದ ಡಾಕ್ಟರ್ ಬ್ಲೇಕ್ಲಿ ರಕ್ತದಲ್ಲಿನ ಹಾರ್ಮೋನು ಎನ್ನುತ್ತಿದ್ದರು. ವಾಲ್ಟರ್ ಮಾತ್ರ ತಾನೂ ಗಂಡಸೇ, ತನಗೆ ಹಾಗೆ ಅನ್ನಿಸಿದ್ದೇ ಇಲ್ಲ, ತನ್ನಲ್ಲೇ ಏನಾದರೂ ಕೊರತೆ ಇದೆಯೋ ಏನೋ ಎಂದು ಪೆಚ್ಚಾಗಿ ನಗುತ್ತಿದ್ದರು. "ನಿಮ್ಮಲ್ಲಿ ಕೊರತೆ ಇದ್ದಿದ್ರೆ ನಾನು ನಿಮ್ಮನ್ನ ಮದುವೆ ಆಗ್ತಿದ್ನಾ, ಸುಮ್ಮನೆ ಸೂಪ್ ಕುಡೀರಿ," ಎನ್ನುವರು ತೇತಾ.

ಹೀಗಿರುವಾಗ ತೊಂಬತ್ತನಾಲ್ಕರ ಫೆಬ್ರವರಿಯಲ್ಲಿ ಆ ಬಿರುಗಾಳಿ ಬಂತು.

ಭಾನುವಾರ ಮಧ್ಯಾಹ್ನ ಎರಡಕ್ಕೆ ಪಂದ್ಯ. ಸ್ಟೈನ್‌ಡಾರ್ಫಿನವರ ಬಸ್ಸು ಬೆಳಿಗ್ಗೆಯೇ ಬಂದು ತಲುಪಿತ್ತು. ಹನ್ನೊಂದು ಗಂಟೆಗೆ ಗಾಳಿ ಎದ್ದು, ಹನ್ನೆರಡಕ್ಕೆ ರಸ್ತೆ ಯಾವುದು ಹೊಲ ಯಾವುದು ಗೊತ್ತಾಗದಂತೆ ಹಿಮ ಹೊಡೆಯಿತು. ಪೊಲೀಸರು ಹೆದ್ದಾರಿ ಮುಚ್ಚಿದರು. ರಿಂಕಿನೊಳಗೆ ಎರಡು ತಂಡ, ರೆಫರಿ ಸೇರಿ ಮೂವರು ತೀರ್ಪುಗಾರರು, ಗಡಿಯಾರ ನೋಡುವ ವಾಲ್ಟರ್, ಬಾಕ್ಸಿನಲ್ಲಿ ತೇತಾ. ಪ್ರೇಕ್ಷಕರ ಕಡೆ ಒಂದು ನರಪಿಳ್ಳೆಯೂ ಇಲ್ಲ. ಹೇಗೂ ಸಿಕ್ಕಿಕೊಂಡಿದ್ದೇವೆ, ಆಡಿಯೇ ಬಿಡೋಣ ಎಂದು ರೆಫರಿ ಸೀಟಿ ಊದಿದ.

ವಿಚಿತ್ರವಾದ ಆಟ ಅದು. ಸ್ಕೇಟಿನ ಸದ್ದು, ಕೋಲಿಗೆ ರಬ್ಬರ್ ಬಿಲ್ಲೆ ತಗುಲುವ ಸದ್ದು, ತಗಡಿನ ಮೇಲೆ ಗಾಳಿ. ರೂಬೆನ್ ನನ್ನನ್ನು ಹಲಗೆಗೆ ಒತ್ತಿ ಕೆಡವಿದ. ಎದ್ದು ನೋಡಿದೆ. ಅವನೂ ನೋಡಿದ. ಬೇರೆ ದಿನವಾಗಿದ್ದರೆ ಅಷ್ಟರಲ್ಲಿ ಎರಡನೇ ಸಾಲಿನಿಂದ ನಮ್ಮಪ್ಪ ದ್ಮಿತ್ರೋನ ಕೂಗು ಬಂದಿರುತ್ತಿತ್ತು: "ಬಿಡಬೇಡ್ವೋ ಅವನನ್ನ." ಅವತ್ತು ಆ ಸಾಲಿನಲ್ಲಿ ಮರದ ಹಲಗೆ ಬಿಟ್ಟರೆ ಏನೂ ಇಲ್ಲ. "ಪೆಟ್ಟಾಯ್ತಾ?" ಎಂದ ರೂಬೆನ್. "ಇಲ್ಲ ಬಿಡು," ಎಂದೆ. ಆಟ ಮುಂದುವರಿಯಿತು. ನಾವು ಐದಕ್ಕೆ ನಾಲ್ಕು ಗೋಲಿನಲ್ಲಿ ಸೋತೆವು. ನಾನು ಆಡಿದ ಪಂದ್ಯಗಳಲ್ಲೇ ಚೆಂದದ್ದು ಅದು.

ಮುಗಿದ ಮೇಲೆ ಎಲ್ಲರೂ ಅಡುಗೆಮನೆಯಲ್ಲಿ ಒಲೆ ಸುತ್ತ ಸೇರಿದೆವು. ತೇತಾ ತಮ್ಮ ಚೀಲವನ್ನು ಮೇಜಿನ ಮೇಲೆ ಸುರಿದರು. ನೂಲಿನ ಲಡಿಗಳು ತಂದ ಹಾಗೇ ಇದ್ದವು. ಒಂದು ಉಂಡೆಯೂ ಆಗಿರಲಿಲ್ಲ.

"ಎರಡು ಗಂಟೆ ಒಬ್ಬಳೇ ಕೂತಿದ್ದೆ," ಎಂದರು. "ಐದು ನಿಮಿಷದ ಗಿರಾಕಿ ಒಬ್ಬನೂ ಬರಲಿಲ್ಲ. ಏನ್ರಪ್ಪ, ಎಲ್ಲರಿಗೂ ಜ್ವರವಾ?"

ಡಾಕ್ಟರ್ ಬ್ಲೇಕ್ಲಿ ಅವತ್ತು ರಿಂಕಿಗೆ ಬಂದಿರಲಿಲ್ಲ. ಹಿಮಕ್ಕೆ ಮನೆಯಲ್ಲೇ ಉಳಿದವರು, ಮೂರು ದಿನ ಕಳೆದು ರಸ್ತೆ ತೆರೆದಾಗ ಅಂಚೆ ಕಚೇರಿಗೆ ಬಂದರು. ತೇತಾ ಅವರನ್ನು ಕಿಟಕಿಯಲ್ಲೇ ಹಿಡಿದರು.

"ಡಾಕ್ಟ್ರೇ, ನಿಮ್ಮ ಆ ಹಾರ್ಮೋನು ಭಾನುವಾರ ಎಲ್ಲಿಗೆ ಹೋಗಿತ್ತು? ಬಿರುಗಾಳಿಗೆ ಹೆದರಿ ಮನೇಲಿ ಕೂತಿತ್ತಾ?"

"ಒಂದು ಪಂದ್ಯ ನೋಡಿ ಏನೂ ಹೇಳೋಕಾಗಲ್ಲ, ವರ್ನಾ."

"ಸರಿ. ಹಾಗಾದ್ರೆ ಇನ್ನೊಂದು ನೋಡೋಣ."

ಆ ಇನ್ನೊಂದಕ್ಕೆ ತೇತಾ ಮಾಡಿದ ತಯಾರಿ ನಮಗೆ ಯಾರಿಗೂ ಗೊತ್ತಾಗಲಿಲ್ಲ. ಮಾರ್ಚಿನಲ್ಲಿ ಸ್ಟೈನ್‌ಡಾರ್ಫಿನ ಜೊತೆ ಕೊನೆಯ ಪಂದ್ಯ, ಅದಾದ ಮೇಲೆ ಚರ್ಚಿನ ಹಾಲಿನಲ್ಲಿ ಊಟ. ಊಟಕ್ಕೆ ಮುಂಚಿನ ಗುರುವಾರ ಹೆಂಗಸರೆಲ್ಲ ಹಾಲಿನಲ್ಲಿ ಕೂತು ಪೆರೋಗಿಯ, ಅಂದರೆ ಆಲೂಗಡ್ಡೆ ತುಂಬಿದ ಕಡುಬಿನ, ಅಂಚು ಚಿವುಟುತ್ತಾರೆ. ಸಾವಿರದ ಮೇಲೆ ಆಗಬೇಕು. ಅಲ್ಲಿ ತೇತಾ ಮಾತು ತೆಗೆದರು. ನಮ್ಮಮ್ಮ ಸೋಫಿಯಾ ಅಲ್ಲಿದ್ದಳು, ಆಮೇಲೆ ಹೇಳಿದಳು.

"ಅವರು ಹೊಡೆದಾಡೋಕೆ ಶುರು ಮಾಡಿದ ತಕ್ಷಣ ನಾವೆಲ್ಲ ಎದ್ದು ಹಿಂದಕ್ಕೆ ತಿರುಗಿ ಗೋಡೆ ನೋಡೋಣ," ಎಂದರಂತೆ ತೇತಾ. "ಒಬ್ಬರೂ ಕೂಗಬಾರದು."

"ನಾವೇನೋ ತಿರುಗ್ತೀವಿ. ಗಂಡಸರು?" ಎಂದು ಯಾರೋ ಕೇಳಿದರು.

ನಮ್ಮಮ್ಮ ಪೆರೋಗಿ ತಟ್ಟೆಯ ಕಡೆ ಕೈ ತೋರಿಸಿದಳಂತೆ. "ತಿರುಗದೋರಿಗೆ ಇದಿಲ್ಲ. ಕೋಸಿನ ಸುರುಳಿಯೂ ಇಲ್ಲ."

ಅಲ್ಲಿಗೆ ತೀರ್ಮಾನವಾಯಿತು.

ಪಂದ್ಯದ ದಿನ ಹಲಗೆಗಳು ತುಂಬಿ ಬಾಗಿಲ ತನಕ ಜನ. ಮೊದಲ ಹತ್ತು ನಿಮಿಷ ಕಳೆಯಿತು. ರೂಬೆನ್ ನನ್ನ ಮೊಣಕೈಗೆ ಕೋಲಿನಿಂದ ಕುಟ್ಟಿದ. ನಾನು ಬೇಕಂತಲೇ ಅವನಿಗೆ ಡಿಕ್ಕಿ ಹೊಡೆದೆ. ಗ್ಲೌಸು ಬಿದ್ದವು. ನಾನು ಅವನ ಅಂಗಿಯ ಕೊರಳು ಹಿಡಿದೆ, ಅವನು ನನ್ನದು ಹಿಡಿದ, ಬಲಗೈ ಎತ್ತಿದ. ನಾನು ಆ ಕೂಗಿಗೆ ಕಾದೆ. ಬರಲಿಲ್ಲ. ಬದಲಿಗೆ ನಾನೂರು ಜನ ಒಟ್ಟಿಗೆ ಎದ್ದ ಸದ್ದು, ಬೂಟು ಸರಿದ ಸದ್ದು, ಆಮೇಲೆ ನಿಶ್ಶಬ್ದ.

ರೂಬೆನ್ ನನ್ನ ಹೆಗಲ ಮೇಲಿಂದ ಆಚೆ ನೋಡಿದ. ಕೈ ಮೇಲೇ ಇತ್ತು.

"ಲೈಲ್, ಇವರೆಲ್ಲ ಏನು ನೋಡ್ತಿದ್ದಾರೆ?"

ನಾನೂ ತಿರುಗಿ ನೋಡಿದೆ. ಸಾಲು ಸಾಲಾಗಿ ಬೆನ್ನು. ಕೋಟು, ಶಾಲು, ಟೋಪಿಯ ಹಿಂಭಾಗ. "ಗೋಡೆ," ಎಂದೆ.

"ಗೋಡೇಲಿ ಏನಿದೆ?"

"ಏನಿಲ್ಲ. ಹಸಿರು ಬಣ್ಣ."

"ನಮ್ಮೂರೋರೂ ತಿರುಗಿದ್ದಾರೆ."

"ಅವರಿಗೂ ಊಟ ಇಲ್ಲೇ ಅಲ್ವಾ."

ಎರಡನೇ ಸಾಲಿನಲ್ಲಿ ಒಂದೇ ಒಂದು ಮುಖ ನಮ್ಮ ಕಡೆ ಇತ್ತು, ನಮ್ಮಪ್ಪನದು. ಅಮ್ಮ ಎರಡೂ ಹೆಗಲು ಹಿಡಿದು, ಮಗುವನ್ನು ತಿರುಗಿಸಿದ ಹಾಗೆ, ಅವನನ್ನು ಗೋಡೆಗೆ ತಿರುಗಿಸಿದಳು.

"ಹೊಡೀತೀಯಾ?" ಎಂದ ರೂಬೆನ್.

"ನೀನು?"

"ಶುರು ಮಾಡಿದೋನು ನೀನು."

"ಕೈ ಎತ್ತಿರೋದು ನಿಂದು."

ಲೈನ್ಸ್‌ಮನ್ ಬಿಡಿಸಲೆಂದು ಪಕ್ಕದಲ್ಲೇ ಕಾಯುತ್ತಿದ್ದ. "ಹೊಡೆಯೋದಾದ್ರೆ ಹೊಡೀರಪ್ಪ, ಇಲ್ಲಾಂದ್ರೆ ಬಿಡಿ. ನನಗೆ ಕಾಲು ಮರಗಟ್ತಾ ಇದೆ."

ರೂಬೆನ್‌ಗೆ ನಗು ಬಂತು. ಅವನ ನಗು ನೋಡಿ ನನಗೂ ಬಂತು. ಒಬ್ಬರ ಕೊರಳಪಟ್ಟಿ ಒಬ್ಬರು ಹಿಡಿದುಕೊಂಡೇ ನಕ್ಕೆವು. ರೆಫರಿ ನಿಯಮದ ಪುಸ್ತಕದಲ್ಲಿ ಇದಕ್ಕೆ ಏನಿದೆಯೋ ತಿಳಿಯದೆ ಇಬ್ಬರಿಗೂ ಎರಡೆರಡು ನಿಮಿಷ ಕೊಟ್ಟ. ಬಾಕ್ಸಿನ ಬಾಗಿಲು ತೆರೆದ ತೇತಾನ ಮುಖದಲ್ಲಿ ನಗುವಿರಲಿಲ್ಲ, ಕಣ್ಣಲ್ಲಿತ್ತು.

"ಎರಡೇ ನಿಮಿಷಾನಾ?" ಎಂದರು. "ಅರ್ಧ ಉಂಡೇನೂ ಆಗಲ್ಲ."

ಅವತ್ತು ಊಟದಲ್ಲಿ ರೂಬೆನ್ ನನ್ನ ಪಕ್ಕ ಕೂತು ಮೂವತ್ತೊಂದು ಪೆರೋಗಿ ತಿಂದ. ಅವನು ತೇತಾನನ್ನು ತೇತಾ ಎಂದು ಕರೆದದ್ದು ಅವತ್ತೇ ಮೊದಲು.

ಇಲ್ಲಿಗೆ ಎಲ್ಲ ಸರಿಹೋಯಿತು ಎಂದರೆ ಸುಳ್ಳಾಗುತ್ತದೆ. ಮುಂದಿನ ವರ್ಷ ಜನ ತಿರುಗಿದರೂ ಕಳ್ಳಗಣ್ಣಿನಲ್ಲಿ ನೋಡಲು ಶುರು ಮಾಡಿದರು. ಯಾರೋ ಮುಖ ನೋಡುವ ಕನ್ನಡಿ ತಂದಿದ್ದ. ಆಟದ ಸ್ವಾರಸ್ಯವೇ ಹೋಯಿತು ಎಂದು ಕೆಲವರು ಬೇರೆ ಊರಿನ ರಿಂಕಿಗೆ ಹೋಗತೊಡಗಿದರು. ಮೂರನೇ ವರ್ಷಕ್ಕೆ ಬೆನ್ನುಗಳೆಲ್ಲ ಮತ್ತೆ ಮುಖಗಳಾದವು. ಹೊಡೆದಾಟ ಮರಳಿತು, ಮೊದಲಿನಷ್ಟಲ್ಲ. ನಾನೂ ರೂಬೆನ್ನೂ ಮಾತ್ರ ಆಮೇಲೆ ಹೊಡೆದಾಡಲಿಲ್ಲ. ಗ್ಲೌಸ್ ಕೆಳಗೆ ಬೀಳುವ ಮುಂಚೆಯೇ ಇಬ್ಬರಿಗೂ ಆ ಹಸಿರು ಗೋಡೆ ನೆನಪಾಗಿಬಿಡುತ್ತಿತ್ತು.

ತೇತಾಗೂ ತಮ್ಮ ಉತ್ತರ ಪೂರ್ತಿ ಎನ್ನಿಸಿರಲಿಲ್ಲ. ಜನ ಮೊದಲ ಸಲ ಗೋಡೆಗೆ ತಿರುಗಿದ ವರ್ಷವೇ, ಬೇಸಿಗೆಯಲ್ಲಿ ನಾನು ರಿಂಕಿನ ಬೆಂಚುಗಳಿಗೆ ಬಣ್ಣ ಬಳಿಯುತ್ತಿದ್ದೆ. ಅವರು ಮಜ್ಜಿಗೆ ತಂದುಕೊಟ್ಟು ಪಕ್ಕದಲ್ಲಿ ಕೂತರು. ನಾನು ದೊಡ್ಡದಾಗಿ ಹೇಳಿದೆ, "ತೇತಾ, ನೀವೇ ಗೆದ್ದಿರಿ. ಗಂಡಸರು ಹೊಡೆಯೋದು ಬೇರೆ ಗಂಡಸರು ನೋಡ್ತಾರೆ ಅಂತ. ಅಷ್ಟೇ ವಿಷಯ."



"ನಮ್ಮ ದೊಡ್ಡಪ್ಪನ ಮಗಳು ನಾದ್ಯಾ ಗೊತ್ತಲ್ಲ ನಿನಗೆ," ಎಂದರು. "ಅವಳ ಗಂಡ ಅವಳಿಗೆ ಹೊಡೀತಿದ್ದ. ಕಿಟಕಿ ಪರದೆ ಎಳೆದು ಹೊಡೀತಿದ್ದ. ಅಲ್ಲಿ ಯಾರು ನೋಡ್ತಿದ್ರು ಲೈಲ್?"

ಬ್ರಷ್ ಕೆಳಗಿಟ್ಟೆ. "ಅವನ ತಲೆಯೊಳಗೆ ಅವರಪ್ಪ ನೋಡ್ತಿದ್ನೋ ಏನೋ."

"ಇರಬಹುದು. ಹಾಗಂತ ಅವನಿಗೆ ಒಂದು ಸಬೂಬು ಹೊಲಿದು ಕೊಡಬೇಡ." ಬ್ರಷ್ ಎತ್ತಿ ನನ್ನ ಕೈಗೆ ಕೊಟ್ಟು ಹೇಳಿದರು, "ನನ್ನ ಉತ್ತರ ರಿಂಕಿಗೆ ಸಾಕಾಗುತ್ತೆ. ಮನೆಗಳಿಗೆ ಸಾಕಾಗಲ್ಲ. ಅಲ್ಲಿ ಎದುರಿಗಿರೋಳು ತಿರುಗಿ ಹೊಡೆಯಲ್ಲ ಅಂತ ಅವನಿಗೆ ಗೊತ್ತು, ಕೇಳೋರಿಲ್ಲ ಅಂತ ಗೊತ್ತು. ಅದು ಬೇರೆ ಕಾಯಿಲೆ."

"ನೀವು ಏನು ಮಾಡಿದ್ರಿ?"

"ನಮ್ಮ ಇವಾನ್‌ಗೆ ಹೇಳಿದ್ರೆ ಹೋಗಿ ಅವನ ಹಲ್ಲು ಉದುರಿಸಿ ಬರ್ತಿದ್ದ. ಆಮೇಲೆ ಆ ಹಲ್ಲಿನ ಸಿಟ್ಟು ನಾದ್ಯಾ ಮೇಲೇ ಬೀಳೋದು. ಅದಕ್ಕೇ ಹೇಳಲಿಲ್ಲ. ಹಾಡಹಗಲಲ್ಲಿ ಅಂಚೆ ವ್ಯಾನ್ ತಗೊಂಡು ಹೋದೆ. ಅವಳನ್ನ, ಅವಳ ಹೊಲಿಗೆ ಯಂತ್ರಾನ ಹತ್ತಿಸಿಕೊಂಡೆ. ಅವನು ಅಂಗಳದಲ್ಲಿ ನಿಂತಿದ್ದ. ನಾನು ಅವನ ಮುಖದಿಂದ ಕಣ್ಣು ತೆಗೀಲಿಲ್ಲ. ಹೊಲಿಗೆ ಯಂತ್ರ ಹೊತ್ತುಕೊಂಡು ಹಿಂದುಹಿಂದಕ್ಕೆ ನಡೆದೆ ಗೊತ್ತಾ, ಅವನ ಮುಖ ಬಿಡಬಾರದು ಅಂತ. ಮೆಟ್ಟಿಲು ತಪ್ಪಿ ಬಿದ್ದಿದ್ರೆ ಸೊಂಟ ಮುರಿದು ಮಲಗಿದ್ದ ವಾಲ್ಟರ್ ಜೊತೆ ನಾನೂ ಹಾಸಿಗೆ ಹಿಡೀತಿದ್ದೆ." ನಕ್ಕರು. ನಾದ್ಯಾ ಅವರ ಮನೆಯಲ್ಲಿ ಎರಡು ವರ್ಷ ಇದ್ದು, ಆಮೇಲೆ ಪಟ್ಟಣದಲ್ಲಿ ಮದುವೆ ಉಡುಪು ಹೊಲಿಯುವ ಅಂಗಡಿ ಹಾಕಿದಳು. ನನ್ನ ಹೆಂಡತಿ ಕಾರ್ಲಾ ಮದುವೆಗೆ ಉಟ್ಟದ್ದೂ ಅವಳು ಹೊಲಿದದ್ದೇ.

ಎರಡು ಸಾವಿರದ ಮೂರರಲ್ಲಿ ಹೆಂಗಸರ ತಂಡ ಶುರುವಾಯಿತು. ಭಾನುವಾರ ಬೆಳಿಗ್ಗೆ ಅವರ ಆಟ, ಮಧ್ಯಾಹ್ನ ಗಂಡಸರದು. ತೇತಾ ಎರಡಕ್ಕೂ ಕೂರುತ್ತಿದ್ದರು. ಬೆಳಿಗ್ಗೆಯ ಹೊತ್ತು ಎರಡು ನಿಮಿಷದವರು ಬರುವರು. ತಾವಾಗಿಯೇ ಕೈ ಚಾಚಿ, ಊರ ಸುದ್ದಿ ಹೇಳಿ, ಹೋಗುವರು. ಐದು ನಿಮಿಷಕ್ಕೆ ಆರು ವರ್ಷ ಯಾರೂ ಬರಲಿಲ್ಲ. ಏಳನೇ ವರ್ಷ ಬಂದವಳು ನನ್ನ ಮಗಳು ಟೆಸ್ಸಾ.

ಎದುರು ತಂಡದವಳು ನಮ್ಮ ಗೋಲ್‌ಕೀಪರ್ ಹುಡುಗಿಯ ಕೊರಳಿಗೆ ಕೋಲಿನಿಂದ ತಿವಿದಳು, ಮತ್ತೆ ತಿವಿದಳು. ಟೆಸ್ಸಾ ಗ್ಲೌಸ್ ಎಸೆದಳು. ಹೆಂಗಸರಿಗೆ ಮುಖಕ್ಕೆ ಕಬ್ಬಿಣದ ಜಾಲರಿ ಇರುತ್ತದೆ. ಅದರ ಮೇಲೇ ಮೂರು ಏಟು ಹಾಕಿದಳು. ನಾನು ಎದ್ದು ನಿಂತಿದ್ದೆ. ಬಾಯಿ ತೆರೆದಿತ್ತು, ನಮ್ಮಪ್ಪನ ಮಾತು ನಾಲಿಗೆ ತುದಿಗೆ ಬಂದಿತ್ತು. ಆಗ ಗೊತ್ತಾಯಿತು, ಎದ್ದಿರುವವನು ನಾನೊಬ್ಬನೇ. ಉಳಿದವರು ಕೂತಲ್ಲೇ ಒಬ್ಬರ ಮುಖ ಒಬ್ಬರು ನೋಡುತ್ತಿದ್ದರು.

"ಕೂತ್ಕೊಳ್ಳಿ," ಎಂದು ಕಾರ್ಲಾ ನನ್ನ ಕೋಟು ಎಳೆದಳು.

ಹಿಂದಿನ ಸಾಲಿನಿಂದ ಒಬ್ಬಾಕೆ ಬಾಗಿ, ತುಂಬ ಕನಿಕರದಿಂದ ಕೇಳಿದಳು, "ಏನಾಯ್ತು ಹುಡುಗಿಗೆ? ಮನೇಲಿ ಏನಾದ್ರೂ ತೊಂದ್ರೆನಾ?"

ನಾನು ಹದಿನೈದು ವರ್ಷ ಆಡಿದ್ದೇನೆ. ಲೆಕ್ಕವಿಲ್ಲದಷ್ಟು ಸಲ ಮುಷ್ಟಿ ಬೀಸಿದ್ದೇನೆ. ನನ್ನ ಮನೆಯಲ್ಲಿ ಏನಾದರೂ ತೊಂದರೆಯೇ ಎಂದು ಒಬ್ಬರೂ ಕೇಳಿದ್ದಿಲ್ಲ.

ಬಾಕ್ಸಿನಲ್ಲಿ ಟೆಸ್ಸಾ ಅಳುತ್ತಿದ್ದಳಂತೆ. ತೇತಾ ಆಮೇಲೆ ಹೇಳಿದರು.

"ಕೈ ನೋಯ್ತಿದೆಯಾ?" ಎಂದು ಕೇಳಿದರಂತೆ. "ಇಲ್ಲ ತೇತಾ, ಎಲ್ಲರೂ ನನ್ನ ಹುಚ್ಚಿ ಅನ್ನೋ ಹಾಗೆ ನೋಡ್ತಿದ್ದಾರೆ," ಅಂದಳಂತೆ ಟೆಸ್ಸಾ. "ನಿಮ್ಮಪ್ಪನಿಗೆ ಇದಕ್ಕೇ ಚಪ್ಪಾಳೆ ಹೊಡೀತಿದ್ರು ಕಣೇ," ಅಂದರಂತೆ ತೇತಾ. "ನಾನೇನು ಕೆಟ್ಟದಾಗಿ ಹೊಡೆದೆನಾ?" ಅಂದಳು. "ಇಲ್ಲ. ಎಡಗೈ ಸ್ವಲ್ಪ ನಿಧಾನ," ಅಂದರಂತೆ.

ಅವಳಿಗೆ ಕೆಂಪು ಉಣ್ಣೆ ಕೊಟ್ಟು, ಒಂಬತ್ತನೇ ವಯಸ್ಸಿನ ತಮ್ಮ ಕತೆಯನ್ನೂ, ಪಾದ್ರಿಯ ತಣ್ಣೀರನ್ನೂ ಹೇಳಿದರಂತೆ. ಟೆಸ್ಸಾ ಆಚೆ ಬರುವಾಗ ನಗುತ್ತಿದ್ದಳು. ಮನೆಗೆ ಹೋಗುವ ದಾರಿಯಲ್ಲಿ ನಾನು ಅವಳಿಗೆ ಬುದ್ಧಿ ಹೇಳಬೇಕು ಎಂದುಕೊಂಡೆ. ಯಾವ ಬಾಯಲ್ಲಿ ಹೇಳಲಿ ಎಂದು ರೇಡಿಯೋ ಹಾಕಿದೆ. "ಅಪ್ಪ, ನೀವು ಎದ್ದು ನಿಂತಿದ್ದು ನೋಡಿದೆ," ಎಂದಳು ಅವಳು.  ಅದು ಹೊಗಳಿಕೆಯೋ ದೂರೋ ನನಗೆ ಇವತ್ತಿಗೂ ತಿಳಿಯದು.

ಎರಡು ಸಾವಿರದ ಹನ್ನೆರಡರಲ್ಲಿ ಹಳೆಯ ರಿಂಕಿನ ಮಾಡು ಹಿಮದ ಭಾರಕ್ಕೆ ಬಾಗಿದ್ದರಿಂದ ಹೊಸದನ್ನು ಕಟ್ಟಿದರು. ಅದರಲ್ಲಿ ಎರಡು ಬಾಕ್ಸು, ನಡುವೆ ದಪ್ಪ ಗಾಜು. ಸಮಿತಿಯವರು ತೇತಾನನ್ನು ಕರೆದುಕೊಂಡು ಹೋಗಿ ತೋರಿಸಿದರು. "ಎರಡರಲ್ಲಿ ಯಾವುದು ಬೇಕಾದ್ರೂ ನಿಮ್ಮದೇ," ಎಂದರು. ತೇತಾ ಒಂದರಲ್ಲಿ ಕೂತು ನೋಡಿ, ಇನ್ನೊಂದರಲ್ಲಿ ಕೂತು ನೋಡಿ, ಎದ್ದರು. "ಒಬ್ಬನ ಜೊತೆ ಏನು ಮಾತಾಡೋದು? ಅವನು ತನ್ನದೇ ಸರಿ ಅಂತಾನೆ," ಎಂದು ಹೇಳಿ ಮನೆಗೆ ಬಂದುಬಿಟ್ಟರು. ಅದೇ ವರ್ಷ ವಾಲ್ಟರ್ ತೀರಿಕೊಂಡರು. ಅವರ ಶವಪೆಟ್ಟಿಗೆಯನ್ನು ಹೊತ್ತ ಆರು ಜನರಲ್ಲಿ ನಾನಿದ್ದೆ, ರೂಬೆನ್ ಇದ್ದ. ಮಿಕ್ಕ ನಾಲ್ವರೂ ತೇತಾನ ಬೆಂಚಿನಲ್ಲಿ ಕೂತೆದ್ದವರೇ.

ಈಗ ತೇತಾಗೆ ಎಂಬತ್ತಮೂರು. ಚಳಿಗಾಲದ ಶನಿವಾರ ಮಧ್ಯಾಹ್ನಗಳಲ್ಲಿ ನಾನೂ ರೂಬೆನ್ನೂ ಅವರನ್ನು ಕರ್ಲಿಂಗ್ ನೋಡಲು ಕರೆದುಕೊಂಡು ಹೋಗುತ್ತೇವೆ. ಐಸಿನ ಮೇಲೆ ದುಂಡು ಕಲ್ಲು ಜಾರಿಸಿ, ಅದರ ಮುಂದೆ ಪೊರಕೆ ಉಜ್ಜುವ ಆಟ. ಆಡುವ ಮುಂಚೆ ಎಲ್ಲರೂ ಎಲ್ಲರಿಗೂ ಕೈ ಕುಲುಕುತ್ತಾರೆ. ಆಡಿದ ಮೇಲೂ ಕುಲುಕುತ್ತಾರೆ. ತಪ್ಪು ಮಾಡಿದವನು ತಾನೇ ಒಪ್ಪಿಕೊಳ್ಳುತ್ತಾನೆ. ಗಾಜಿನ ಹಿಂದೆ ಬೆಚ್ಚಗೆ ಕೂತು ಕಾಫಿ ಕುಡಿಯುತ್ತ ನೋಡುವುದು.

ಹೋದ ಶನಿವಾರ ಅರ್ಧ ಆಟಕ್ಕೇ ತೇತಾ ಗೊರಕೆ ಹೊಡೆಯಲು ಶುರು ಮಾಡಿದರು. ರೂಬೆನ್ ಮೆಲ್ಲಗೆ ಎಬ್ಬಿಸಿದ.

"ತೇತಾ, ನಿಮಗಂತಲೇ ಇಲ್ಲಿಗೆ ಕರಕೊಂಡು ಬರೋದು. ಹೊಡೆದಾಟ ಇಲ್ಲ, ಬೈಗುಳ ಇಲ್ಲ. ನೀವು ನೋಡಿದ್ರೆ ನಿದ್ದೆ ಮಾಡ್ತೀರಿ."

ತೇತಾ ಕನ್ನಡಕ ಸರಿಮಾಡಿಕೊಂಡು ಕಲ್ಲು ಜಾರುವುದನ್ನು ಸ್ವಲ್ಪ ಹೊತ್ತು ನೋಡಿದರು.

"ಒಂದು ವಿಷಯ ಹೇಳ್ತೀನಿ, ಯಾರಿಗೂ ಹೇಳಬೇಡಿ," ಎಂದರು. "ಆ ಪಂದ್ಯದ ದಿನ ಎಲ್ಲರನ್ನೂ ಗೋಡೆಗೆ ತಿರುಗಿಸಿದ್ನಲ್ಲ. ನಾನು ತಿರುಗಿರಲಿಲ್ಲ."

"ನೀವು ಬಾಕ್ಸಲ್ಲಿದ್ರಿ, ಬಾಗಿಲು ನೋಡಬೇಕಿತ್ತಲ್ಲ," ಎಂದೆ.

"ಬಾಗಿಲಿಗೋಸ್ಕರ ಅಲ್ಲ ಕಣೋ. ಇವನು ಬಲಗೈ ಎತ್ತಿದಾಗ ನನ್ನ ಮೈ ಜುಮ್ ಅಂತು. ಇವತ್ತು ಲೈಲ್ ಕತೆ ಮುಗೀತು ಅಂದುಕೊಂಡೆ." ಕಾಫಿ ಲೋಟದ ತಳದಲ್ಲಿದ್ದುದನ್ನು ಕುಡಿದರು. "ನೀವಿಬ್ಬರೂ ನಕ್ಕುಬಿಟ್ರಿ. ಒಳ್ಳೇದೇ ಆಯ್ತು. ಆದ್ರೂ ಒಂದು ಗಳಿಗೆ ಸಪ್ಪೆ ಅನ್ನಿಸ್ತು ನನಗೆ."

ರೂಬೆನ್ ನನ್ನ ಮುಖ ನೋಡಿದ. ನಾನು ಅವನ ಮುಖ ನೋಡಿದೆ. ಗಾಜಿನ ಆಚೆ ಯಾರೋ ಒಬ್ಬಾತ ಎದುರು ತಂಡದವನ ಕಲ್ಲು ಚೆನ್ನಾಗಿ ಬಿತ್ತೆಂದು ಟೋಪಿ ತೆಗೆದು ಅಭಿನಂದಿಸುತ್ತಿದ್ದ. ತೇತಾ ಮತ್ತೆ ಕಣ್ಣು ಮುಚ್ಚಿದರು.